ಈರುಳ್ಳಿ ಪೊರೆಯಲ್ಲಿ ಕೋಶಕೇಂದ್ರ ಕಾಣುತ್ತಿಲ್ಲ, ಬರೀ ಕಪ್ಪು ಉಂಗುರಗಳು

ಪ್ರಶ್ನೆ
ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲೇ ಜೀವಕೋಶ ನೋಡಲಿ ಅಂತ ಒಂದು ಮೈಕ್ರೋಸ್ಕೋಪ್ ತಂದಿದ್ದೇವೆ. ಕಣ್ಣಿನ ಮಸೂರ 10 ಪಟ್ಟು, ಕೆಳಗಿನವು 4, 10, 40. ಈರುಳ್ಳಿ ಪೊರೆಯನ್ನು ನೀರಲ್ಲಿಟ್ಟು ನೋಡಿದರೆ ಉದ್ದುದ್ದ ಮನೆಗಳಂತೆ ಗೆರೆಗಳು ಕಾಣುತ್ತವೆ, ಒಳಗೆ ಖಾಲಿ. ಅಲ್ಲಲ್ಲಿ ದಪ್ಪ ಕಪ್ಪು ಅಂಚಿನ ಉಂಗುರಗಳಿವೆ. ಮಗಳು ಅವನ್ನೇ ಕೋಶಕೇಂದ್ರ ಅಂತ ಬರೆದುಕೊಂಡಳು. ಆದರೆ ಕೆಲವು ಉಂಗುರ ಎರಡು ಕೋಶಗಳ ಮೇಲೆ ಕೂತಿವೆ. ಬೆಳಕನ್ನು ಪೂರ್ತಿ ಜಾಸ್ತಿ ಮಾಡಿದ್ದೇನೆ. ಮಸೂರವೇ ಸರಿಯಿಲ್ಲವಾ?

ಉತ್ತರ
ಮಸೂರ ಚೆನ್ನಾಗಿಯೇ ಇದೆ ಮೇಡಂ. ಆ ಉಂಗುರಗಳು ಗಾಳಿ ಗುಳ್ಳೆಗಳು. ಪೊರೆಯ ಮೇಲೆ ಮುಚ್ಚಿದ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಸೂಜಿಯಿಂದ ಮೆಲ್ಲಗೆ ಒತ್ತಿ ನೋಡಿ, ಗುಳ್ಳೆ ಜರುಗುತ್ತದೆ. ಕೋಶಕೇಂದ್ರ ಜರುಗುವುದಿಲ್ಲ, ಗೋಡೆ ದಾಟಿ ಪಕ್ಕದ ಕೋಶದ ಮೇಲೆ ಕೂರುವುದೂ ಇಲ್ಲ. ಮುಂದಿನ ಸಲ ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ನಿಧಾನಕ್ಕೆ ಇಳಿಸಿ.

ನಿಜವಾದ ತೊಂದರೆ ಆ ಬೆಳಕು. ಕೋಶದ ಒಳಗಿರುವುದೆಲ್ಲ ಹೆಚ್ಚುಕಡಿಮೆ ನೀರಿನಷ್ಟೇ ಪಾರದರ್ಶಕ. ಬೆಳಕು ಜಾಸ್ತಿಯಾದರೆ ಎಲ್ಲವೂ ಅಳಿಸಿ ಹೋಗುತ್ತದೆ. ಸ್ಲೈಡ್ ಇಡುವ ವೇದಿಕೆಯ ಕೆಳಗಿನ ಡಯಾಫ್ರಂ, ಅಂದರೆ ಬೆಳಕು ಬರುವ ಕಿಂಡಿ, ಕಿರಿದು ಮಾಡಿ.

ಆಮೇಲೆ ಬಣ್ಣ. ಗಾಯಕ್ಕೆ ಹಚ್ಚುವ ಪೋವಿಡೋನ್ ಅಯೋಡಿನ್ ಸಾಕು. ಹಾಲು ಹಾಕದ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ, ಒಂದು ಹನಿ ಬಿಟ್ಟು ಮೂರು ನಿಮಿಷ ಕಾಯಿರಿ. ಆಲೂಗಡ್ಡೆಯ ಹಾಗೆ ನೀಲಿಗಪ್ಪಾಗುವುದಿಲ್ಲ, ಈರುಳ್ಳಿ ಪಿಷ್ಟ ಕೂಡಿಡುವ ಗಡ್ಡೆಯಲ್ಲ.

ಇನ್ನೊಬ್ಬರ ಉತ್ತರ
ಪೊರೆ ಒಂದೇ ಪದರ ಇರಬೇಕು. ಎಸಳಿನ ಒಳಬದಿಯಿಂದ ಕಿತ್ತು ತಕ್ಷಣ ನೀರಿಗೆ ಹಾಕಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. 1831ರಲ್ಲಿ ರಾಬರ್ಟ್ ಬ್ರೌನ್ ಕೋಶಕೇಂದ್ರಕ್ಕೆ ನ್ಯೂಕ್ಲಿಯಸ್ ಎಂದು ಹೆಸರು ಕೊಟ್ಟಿದ್ದು ಆರ್ಕಿಡ್‌ನ ಇಂಥದೇ ತೆಳು ಪೊರೆ ನೋಡಿ. ಅವರ ಕೈಲಿದ್ದದ್ದು ಒಂಟಿ ಮಸೂರದ ಮೈಕ್ರೋಸ್ಕೋಪ್. ನಿಮ್ಮದರಲ್ಲಿ ಖಂಡಿತ ಕಾಣುತ್ತದೆ.

ಪ್ರಶ್ನೆ ಕೇಳಿದವರು
ಕಂಡಿತು! 10ರ ಮಸೂರದಲ್ಲೇ. ಪ್ರತಿ ಕೋಶದಲ್ಲೂ ಒಂದೊಂದು ಹಳದಿ ಮಿಶ್ರಿತ ಕಂದು ಚುಕ್ಕೆ. ಆದರೆ ಹೆಚ್ಚಿನವು ಗೋಡೆಗೆ ಅಂಟಿಕೊಂಡಿವೆ. ಕೇಂದ್ರ ಅಂದಮೇಲೆ ನಡುವೆ ಇರಬೇಕಲ್ವಾ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ
ಒಳ್ಳೆ ಪ್ರಶ್ನೆ. ನಡುವಿನ ಜಾಗವನ್ನೆಲ್ಲ ರಸದಾನಿ, ಅಂದರೆ ಕೋಶದ ರಸ ತುಂಬಿದ ಚೀಲ (ವ್ಯಾಕ್ಯೂಲ್), ತುಂಬಿಕೊಂಡಿರುತ್ತದೆ. ಕೋಶದ್ರವ್ಯ, ಕೋಶಕೇಂದ್ರ ಎರಡೂ ಅಂಚಿಗೆ ಸರಿಯುತ್ತವೆ. ನಡುವೆ ಕಾಣುವ ಕೆಲವು, ನಮಗೆ ಎದುರಾದ ಗೋಡೆಗೆ ಅಂಟಿರಬಹುದು. ರಸದಾನಿಯನ್ನೇ ನೋಡಬೇಕೆಂದರೆ ಕೆಂಪು ಈರುಳ್ಳಿ ಎಸಳಿನ ಹೊರಬದಿಯ ಪೊರೆ ತೆಗೆಯಿರಿ. ಆ ಕೆಂಪು ಇರುವುದೇ ರಸದಾನಿಯಲ್ಲಿ. ಅಯೋಡಿನ್ ಬೇಡ, ಅದು ಕೋಶವನ್ನು ಕೊಲ್ಲುತ್ತದೆ. ಕವರ್ ಸ್ಲಿಪ್ಪಿನ ಒಂದು ಬದಿ ಉಪ್ಪುನೀರು ಬಿಟ್ಟು, ಇನ್ನೊಂದು ಬದಿ ಟಿಶ್ಯೂ ಪೇಪರ್‌ನಿಂದ ಹೀರಿಸಿ.

ಪ್ರಶ್ನೆ ಕೇಳಿದವರು
ಈಗಷ್ಟೇ ಮಾಡಿದೆವು. ಕೆಂಪು ಬಣ್ಣ ಗೋಡೆ ಬಿಟ್ಟು ಒಳಕ್ಕೆ ಮುದುಡಿಕೊಂಡಿತು, ಗೋಡೆ ಮಾತ್ರ ಇದ್ದ ಹಾಗೇ ನಿಂತಿತು. ತಕ್ಷಣ ಬರೀ ನೀರು ಬಿಟ್ಟೆವು. ಕೆಲವು ಕೋಶಗಳಲ್ಲಿ ಬಣ್ಣ ಮತ್ತೆ ಮೆಲ್ಲಗೆ ಗೋಡೆವರೆಗೂ ಹರಡಿತು. ಮಗಳು ಇನ್ನೂ ಕಣ್ಣು ತೆಗೆದಿಲ್ಲ.