ಎನ್‌ಕ್ಲೆಕ್ಸ್ ಕೇಸ್ ಸ್ಟಡಿಗಳಿಗೆ ಅಭ್ಯಾಸ ಮಾಡಿದ್ದು ಹೇಗೆ: ಬರೆದವರ ಅನುಭವಗಳು

ಪ್ರಶ್ನೆ

ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷಗಳಿಂದ ಬೆಂಗಳೂರಿನ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ (ಆರ್‌ಎನ್) ಆಗಿ ನೋಂದಣಿ ಪಡೆಯಲು ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಗೆ ಓದುತ್ತಿದ್ದೇನೆ. ಬಿಡಿ ಪ್ರಶ್ನೆಗಳಲ್ಲಿ ತಕ್ಕಮಟ್ಟಿಗೆ ಅಂಕ ಬರುತ್ತದೆ. ಒಬ್ಬ ರೋಗಿಯ ಸ್ಥಿತಿಯ ಸುತ್ತ ಹಲವು ಪ್ರಶ್ನೆಗಳಿರುವ ಕೇಸ್ ಸ್ಟಡಿಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ದಿನಕ್ಕೆ ಹತ್ತು ಕೇಸ್ ಮಾಡಿದರೂ ಸುಧಾರಣೆ ಕಾಣುತ್ತಿಲ್ಲ. ಪರೀಕ್ಷೆ ಬರೆದವರು ಹೇಗೆ ಅಭ್ಯಾಸ ಮಾಡಿದಿರೆಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಸಿಸ್ಟರ್, ಹತ್ತು ಕೇಸ್ ಮಾಡುವುದನ್ನು ಇಂದೇ ನಿಲ್ಲಿಸಿ, ದಿನಕ್ಕೆ ಒಂದೋ ಎರಡೋ ಸಾಕು ಎಂದು ಕೇಳಿಕೊಳ್ಳುತ್ತೇನೆ. ನಾನು ಮೊದಲ ಸಲ ಅನುತ್ತೀರ್ಣಳಾದದ್ದು ಇದೇ ಆತುರದಿಂದ. 2023ರ ಏಪ್ರಿಲ್ 1ರಂದು ಪರೀಕ್ಷೆಯ ಸ್ವರೂಪ ಬದಲಾದ ಮೇಲೆ ಪ್ರತಿಯೊಬ್ಬರಿಗೂ ಅಂಕಕ್ಕೆ ಸೇರುವ ಮೂರು ಕೇಸ್‌ಗಳು ಬರುತ್ತವೆ, ಒಂದೊಂದರಲ್ಲಿ ಆರು ಪ್ರಶ್ನೆಗಳಿರುತ್ತವೆ. ಆ ಆರಕ್ಕೂ ಒಂದು ಕ್ರಮವಿದೆ. ರೋಗಿಯಲ್ಲಿ ಗಮನಿಸಬೇಕಾದ ಸುಳಿವುಗಳು ಯಾವುವು, ಅವು ಒಟ್ಟಾಗಿ ಏನನ್ನು ಸೂಚಿಸುತ್ತವೆ, ಸಾಧ್ಯತೆಗಳಲ್ಲಿ ಎಲ್ಲಕ್ಕಿಂತ ಅಪಾಯದ್ದು ಯಾವುದು, ಏನೇನು ಮಾಡಬಹುದು, ಈಗ ಏನು ಮಾಡಬೇಕು, ಮಾಡಿದ್ದರಿಂದ ರೋಗಿ ಸುಧಾರಿಸಿದರೇ ಎಂಬ ಆರು ಹಂತಗಳಲ್ಲಿ ಅವು ಸಾಗುತ್ತವೆ. ಎರಡನೆಯ ಪ್ರಯತ್ನಕ್ಕೆ ಓದುವಾಗ ತಪ್ಪಿದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಎಷ್ಟನೆಯ ಹಂತದ್ದೆಂದು ಬರೆದಿಡತೊಡಗಿದೆ. ಸುಳಿವುಗಳು ನನ್ನ ಕಣ್ಣಿಗೆ ಬೀಳುತ್ತಿದ್ದವು, ಔಷಧಗಳೂ ಗೊತ್ತಿದ್ದವು. ನಾನು ಎಡವುತ್ತಿದ್ದದ್ದು ಮೂರನೆಯ ಹಂತದಲ್ಲಿ ಎಂಬುದು ಎರಡೇ ವಾರದಲ್ಲಿ ತಿಳಿಯಿತು.

ಗೆಳತಿಯೂ ನಾನೂ ಅಭ್ಯಾಸಕ್ಕೆಂದು ಬರೆದುಕೊಂಡ ಒಂದು ಕೇಸನ್ನು ಹೇಳುತ್ತೇನೆ. 72 ವರ್ಷದ, 60 ಕಿಲೋ ತೂಕದ ಮಹಿಳೆ ಮೂತ್ರದ ಸೋಂಕಿಗೆಂದು ದಾಖಲಾಗಿದ್ದಾರೆ. ಸಕ್ಕರೆ ಕಾಯಿಲೆ ಮತ್ತು ಹಳೆಯ ಮಂಡಿನೋವು ಇದೆ. ಬೆಳಿಗ್ಗೆ ಸ್ಪಷ್ಟವಾಗಿ ಮಾತನಾಡಿದವರು ಮಧ್ಯಾಹ್ನ ಮಗಳ ಹೆಸರನ್ನೇ ತಪ್ಪು ಹೇಳುತ್ತಾರೆ. ಜ್ವರ 101.8, ನಾಡಿ 118, ಉಸಿರು 26, ಬಿಪಿ 86/48, ರಕ್ತದ ಸಕ್ಕರೆ 212, ಕಳೆದ ಎರಡು ಗಂಟೆಗಳಲ್ಲಿ ಮೂತ್ರ ಗಂಟೆಗೆ 20 ಮಿಲಿಲೀಟರ್. ನಾನು ಮೊದಲು ಹಿಡಿದದ್ದು 212 ಎಂಬ ಅಂಕಿಯನ್ನು. ವಾರ್ಡಿನಲ್ಲಿ ದಿನವೂ ಸಕ್ಕರೆ ನೋಡಿ ಇನ್ಸುಲಿನ್ ಕೊಟ್ಟ ಕೈ ತಾನಾಗಿ ಅತ್ತ ಹೋಯಿತು. ಆದರೆ 212 ಈ ಹೊತ್ತಿಗೆ ಆಕೆಯ ಜೀವ ತೆಗೆಯುವುದಿಲ್ಲ. ಗೊಂದಲ, ಕುಸಿದ ಬಿಪಿ, ಕಡಿಮೆಯಾದ ಮೂತ್ರ ಈ ಮೂರೂ ಸೇರಿದಾಗ ಸೋಂಕಿಗೆ ದೇಹದ ಪ್ರತಿಕ್ರಿಯೆ ಹತೋಟಿ ತಪ್ಪಿ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ, ಅಂದರೆ ಸೆಪ್ಸಿಸ್ ಎಂದು ಮೊದಲು ಅನುಮಾನಿಸಬೇಕು. ಹಾಗೆ ಅನುಮಾನಿಸಿದರೆ ಮುಂದಿನ ಹಂತಗಳು ತಾವಾಗಿ ತೆರೆದುಕೊಳ್ಳುತ್ತವೆ. ಅಂಗಾಂಗಗಳಿಗೆ ರಕ್ತ ಸಾಲುತ್ತಿದೆಯೇ ಎಂಬ ಸುಳಿವು ಕೊಡುವ ಲ್ಯಾಕ್ಟೇಟ್ ಪರೀಕ್ಷೆ, ಆ್ಯಂಟಿಬಯೋಟಿಕ್‌ಗೆ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕುವ ಪರೀಕ್ಷೆ), ಕಲ್ಚರ್ ನೆಪದಲ್ಲಿ ಆ್ಯಂಟಿಬಯೋಟಿಕ್ ತಡವಾಗದಂತೆ ಎಚ್ಚರ, ವೈದ್ಯರ ಆದೇಶದಂತೆ ಕಿಲೋಗೆ 30 ಮಿಲಿಲೀಟರ್ ಲೆಕ್ಕದಲ್ಲಿ 1,800 ಮಿಲಿಲೀಟರ್ ಐವಿ ದ್ರವ. ಕೊನೆಯ ಪ್ರಶ್ನೆಯಲ್ಲಿ ಮೀನ್ ಆರ್ಟೀರಿಯಲ್ ಪ್ರೆಶರ್ (ಸರಾಸರಿ ರಕ್ತದೊತ್ತಡ) 65 ಮುಟ್ಟಿತೇ, ಮೂತ್ರ ಗಂಟೆಗೆ 30 ದಾಟಿತೇ, ಮಗಳನ್ನು ಗುರುತಿಸಿದರೇ ಎಂದು ನೋಡಬೇಕು. ಅಷ್ಟು ದ್ರವ ಹೋದ ಮೇಲೆ ಶ್ವಾಸಕೋಶದ ಸದ್ದನ್ನೂ ಕೇಳಬೇಕು.

ಒಂದು ಕೇಸಿಗೆ ಮುಕ್ಕಾಲು ಗಂಟೆ ಕೊಡುತ್ತಿದ್ದೆ. ಆಯ್ಕೆಗಳನ್ನು ಕಾಗದದಿಂದ ಮುಚ್ಚಿ, ನನ್ನ ಉತ್ತರವನ್ನೂ ಅದಕ್ಕೆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದ ನಂತರವೇ ಕಾಗದ ಸರಿಸುತ್ತಿದ್ದೆ. ಕಾರಣ ಬರೆಯಲಾಗದಿದ್ದರೆ, ಉತ್ತರ ಸರಿಯಿದ್ದರೂ ಅದನ್ನು ತಪ್ಪುಗಳ ಪಟ್ಟಿಗೇ ಸೇರಿಸುತ್ತಿದ್ದೆ. ಪರೀಕ್ಷೆಯಲ್ಲಿ ಹಿಂದಿನ ಪ್ರಶ್ನೆಗೆ ಮರಳಲು ಅವಕಾಶವಿಲ್ಲದ್ದರಿಂದ ಈ ಶಿಸ್ತು ಬಹಳ ಉಪಯೋಗಕ್ಕೆ ಬಂತು.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತಲೇ, ನನ್ನ ತಪ್ಪುಗಳು ಬೇರೆಡೆ ಇದ್ದವೆಂದು ಹೇಳಬೇಕು. ನಾನು ಎಡವಿದ್ದು ಈಗ ಏನು ಮಾಡಬೇಕೆಂಬ ಐದನೆಯ ಹಂತದಲ್ಲಿ. ನಮ್ಮಲ್ಲಿ ಏನೇ ಆದರೂ ಮೊದಲು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವುದು ರೂಢಿ, ಹಾಗಾಗಿ ‘ವೈದ್ಯರಿಗೆ ತಿಳಿಸಿ’ ಎಂಬ ಆಯ್ಕೆ ಕಂಡೊಡನೆ ಅದನ್ನೇ ಆರಿಸುತ್ತಿದ್ದೆ. ಶಸ್ತ್ರಚಿಕಿತ್ಸೆಯಾದ ರೋಗಿಯ ಆಕ್ಸಿಜನ್ ಸ್ಯಾಚುರೇಶನ್ 88ಕ್ಕೆ ಇಳಿದಿರುವಾಗ ಹಾಸಿಗೆಯ ತಲೆಭಾಗ ಎತ್ತಿ ಆಕ್ಸಿಜನ್ ಹಾಕುವುದು ಮೊದಲ ಕೆಲಸ. ಫೋನ್ ಅದರ ನಂತರ.

ಕೆಲಸ ಹಂಚುವ ಪ್ರಶ್ನೆಗಳೂ ಹೀಗೆಯೇ ಕಾಡಿದವು. ನಮ್ಮ ವಾರ್ಡುಗಳಲ್ಲಿ ಮೈ ಒರೆಸುವುದು, ಊಟ ಮಾಡಿಸುವುದು ಹೆಚ್ಚಾಗಿ ರೋಗಿಯ ಜೊತೆಗಿರುವ ಮನೆಯವರ ಪಾಲಿಗೆ ಬರುತ್ತದೆ. ಅಮೆರಿಕದಲ್ಲಿ ಸಹಾಯಕ ಸಿಬ್ಬಂದಿಗೆ ಸ್ನಾನ, ಸ್ಥಿರವಾಗಿರುವ ರೋಗಿಯ ಬಿಪಿ, ಮೂತ್ರದ ಅಳತೆ ಇಂಥವನ್ನು ವಹಿಸಬಹುದು. ರೋಗಿಯ ಸ್ಥಿತಿಯನ್ನು ನಿರ್ಣಯಿಸುವುದು, ರೋಗಿಗೆ ತಿಳಿಹೇಳುವುದು, ಚಿಕಿತ್ಸೆ ಫಲಿಸಿತೇ ಎಂದು ಅಳೆಯುವುದು ಆರ್‌ಎನ್ ಕೈಯಲ್ಲೇ ಉಳಿಯಬೇಕು. ಇದನ್ನು ಬಾಯಿಪಾಠ ಮಾಡುವ ಬದಲು, ಡ್ಯೂಟಿಯಲ್ಲಿ ಪ್ರತಿ ಕೆಲಸ ಮಾಡುವಾಗಲೂ ಇದನ್ನು ಯಾರಿಗಾದರೂ ಬಿಟ್ಟುಕೊಡಬಹುದಿತ್ತೇ ಎಂದು ನನ್ನನ್ನೇ ಕೇಳಿಕೊಂಡೆ.

ಮೂರನೆಯ ಉತ್ತರ

ಅಂಕ ಕೊಡುವ ಕ್ರಮವನ್ನೂ ತಿಳಿದಿರಿ. ಸರಿಯಾದದ್ದನ್ನೆಲ್ಲ ಆರಿಸಬೇಕಾದ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗೆ ಒಂದು ಅಂಕ ಕಳೆಯುತ್ತಾರೆ, ಆದರೆ ಆ ಪ್ರಶ್ನೆಯ ಅಂಕ ಸೊನ್ನೆಗಿಂತ ಕೆಳಗೆ ಹೋಗದು. ಆದ್ದರಿಂದ ಅನುಮಾನವಿದ್ದದ್ದನ್ನೆಲ್ಲ ಗುರುತು ಮಾಡಬೇಡಿ. ಪ್ರತಿ ಸಾಲಿಗೆ ಒಂದೇ ಉತ್ತರ ಆರಿಸುವ ಕೋಷ್ಟಕದಲ್ಲಿ ಕಳೆಯುವುದಿಲ್ಲ. ಅಲ್ಲಿ ಒಂದು ಸಾಲನ್ನೂ ಖಾಲಿ ಬಿಡುವ ಕಾರಣವಿಲ್ಲ.

ನಾಲ್ಕನೆಯ ಉತ್ತರ

ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ, ಮೂರು ವರ್ಷ ಐಸಿಯುನಲ್ಲಿದ್ದವಳು. ನಾಲ್ಕು ವರ್ಷದ ವಾರ್ಡ್ ಅನುಭವ ನಿಮ್ಮ ಬಳಿಯಿದೆ, ಅದೇ ನಿಮ್ಮ ದೊಡ್ಡ ಆಸ್ತಿ. ಹಿಂದಿನ ಪಾಳಿಯವರು ಕೊಡುವ ಹ್ಯಾಂಡೋವರ್ ಕೇಳುವಾಗಲೇ ನಿಮ್ಮ ಪಾಲಿನ ಒಬ್ಬ ರೋಗಿಯನ್ನು ಆರಿಸಿಕೊಂಡು, ಈ ಪಾಳಿಯಲ್ಲಿ ಇವರಿಗೆ ಏನು ಕೆಡಬಹುದು, ಕೆಟ್ಟರೆ ಮೊದಲು ಎಲ್ಲಿ ಕಾಣಿಸೀತು ಎಂದು ಎರಡು ಸಾಲು ಬರೆದುಕೊಳ್ಳಿ. ಡ್ಯೂಟಿ ಮುಗಿದ ಮೇಲೆ ಅದನ್ನು ಆರು ಪ್ರಶ್ನೆಗಳ ಕೇಸಾಗಿ ಬೆಳೆಸಿ. ಹೆಸರು, ಊರು, ವಯಸ್ಸು ಬದಲಿಸಿ; ಕೇಸ್ ಶೀಟಿನ ಫೋಟೋ ಮಾತ್ರ ಎಂದಿಗೂ ತೆಗೆಯಬೇಡಿ.

ನಿಮ್ಮ ತಪ್ಪುಗಳು ಸುಳಿವುಗಳು ಏನನ್ನು ಸೂಚಿಸುತ್ತವೆ ಎಂಬ ಎರಡನೆಯ ಹಂತದಲ್ಲೇ ಗುಂಪಾಗಿದ್ದರೆ ಕೇಸ್‌ಗಳನ್ನು ಬದಿಗಿಟ್ಟು ಮತ್ತೆ ದೇಹಕ್ರಿಯೆಯ ಪಾಠಕ್ಕೆ ಹೋಗಬೇಕಾಗುತ್ತದೆ. ಹೃದಯದ ಔಷಧ ಡೈಗಾಕ್ಸಿನ್ ತೆಗೆದುಕೊಳ್ಳುವವರಿಗೆ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಕೊಟ್ಟಾಗ ಪೊಟ್ಯಾಸಿಯಮ್ ಇಳಿದು ಡೈಗಾಕ್ಸಿನ್ ವಿಷವಾಗುವುದು ಹೇಗೆಂದು ನಿಮ್ಮ ಜೂನಿಯರ್ ಒಬ್ಬರಿಗೆ ಪುಸ್ತಕ ನೋಡದೆ ವಿವರಿಸಿ ನೋಡಿ. ಎಲ್ಲಿ ಮಾತು ತಡವರಿಸುತ್ತದೋ ಆ ರಾತ್ರಿ ಅಷ್ಟನ್ನು ಮಾತ್ರ ಓದಿ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಕೇಸ್ ಮಾಡಲು ಕೂರಬೇಡಿ. ಆ ಹೊತ್ತಿನಲ್ಲಿ ಆಗುವ ತಪ್ಪುಗಳು ನಿದ್ದೆಗೆಟ್ಟದ್ದನ್ನು ಹೇಳುತ್ತವೆಯೇ ಹೊರತು ನೀವು ಯಾವ ಹಂತದಲ್ಲಿ ಎಡವುತ್ತಿದ್ದೀರಿ ಎಂಬುದನ್ನಲ್ಲ.