ಕ್ಯಾಸೆಟ್‌ನಲ್ಲಿ ಅಜ್ಜಿಯ ದನಿ ಚಿಕ್ಕ ಹುಡುಗಿಯ ಹಾಗೆ ಕೇಳುತ್ತಿದೆ, ಸರಿ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಅಪ್ಪ ಬಹಳ ಹಿಂದೆ ಸೆಲ್ ಹಾಕುವ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ಈಗ ಬೇರೆ ಪ್ಲೇಯರ್‌ಗೆ ಹಾಕಿದರೆ ಶುರುವಿನಲ್ಲಿ ದನಿ ಸರಿಯಾಗಿಯೇ ಇದೆ. ಹೋಗ್ತಾ ಹೋಗ್ತಾ ಕೀರಲಾಗುತ್ತದೆ, ಮಾತು ಓಡುತ್ತದೆ. ಜೊತೆಗೆ ಸುಯ್ ಅನ್ನುವ ಸದ್ದು ಬೇರೆ. ಒಂದು ಆ್ಯಪ್‌ನಲ್ಲಿ ಸದ್ದು ತೆಗೆದರೆ ಅಜ್ಜಿ ನೀರಿನೊಳಗಿಂದ ಮಾತಾಡಿದ ಹಾಗಾಯ್ತು. ಹಳೇ ರೆಕಾರ್ಡರ್ ತೆರೆದು ನೋಡಿದೆ, ಸೆಲ್ ಸೋರಿ ಬಿಳಿ ಪುಡಿ ಹಿಡಿದಿದೆ. ಟೇಪ್ ಹಾಳಾಗಿದೆಯಾ?

ಉತ್ತರ: ನಿಮ್ಮ ಟೇಪ್ ಹಾಳಾಗಿಲ್ಲ, ಮೊದಲು ಸಮಾಧಾನ ಮಾಡಿಕೊಳ್ಳಿ. ಅಂದು ರೆಕಾರ್ಡ್ ಮಾಡುವಾಗ ಸೆಲ್ ಇಳಿಯುತ್ತಾ ಹೋಗಿದೆ, ಅಷ್ಟೇ.

ಕ್ಯಾಸೆಟ್ ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ಓಡಬೇಕು. ಸೆಲ್ ಸೊರಗಿದರೆ ಮೋಟಾರ್ ನಿಧಾನವಾಗುತ್ತದೆ. ಆಗ ಅದೇ ಮಾತು ಕಡಿಮೆ ಉದ್ದದ ಟೇಪಿನಲ್ಲಿ ಕೂರುತ್ತದೆ. ಇವತ್ತು ಸರಿಯಾದ ವೇಗದಲ್ಲಿ ಓಡಿಸಿದಾಗ ಆ ಮಾತು ಬೇಗ ಮುಗಿಯುತ್ತದೆ, ದನಿ ಮೇಲೇರುತ್ತದೆ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೂ ಸಾಕು, ಹಾರ್ಮೋನಿಯಂನಲ್ಲಿ ಪಕ್ಕದ ಕೀಯನ್ನು ಒತ್ತಿದಷ್ಟು ದನಿ ಏರುತ್ತದೆ.

ನನಗೆ ಖುಷಿ ಕೊಡುವ ವಿಷಯ ಏನೆಂದರೆ, ಈ ದೋಷವನ್ನು ಪೂರ್ತಿ ಸರಿ ಮಾಡಬಹುದು. ವೇಗ ಸರಿಪಡಿಸುವಾಗ ಅಜ್ಜಿಯ ದನಿಯಲ್ಲಿ ಏನನ್ನೂ ಕಿತ್ತು ಹಾಕುವುದಿಲ್ಲ. ಸುಯ್ ಸದ್ದು ತೆಗೆಯುವಾಗ ಹಾಗಲ್ಲ. ಅಲ್ಲಿ ಯಾವುದು ದನಿ, ಯಾವುದು ಸದ್ದು ಅಂತ ಪ್ರೋಗ್ರಾಂ ಊಹೆ ಮಾಡುತ್ತದೆ. 1979ರಲ್ಲಿ ಸ್ಟೀವನ್ ಬಾಲ್ ವಿವರಿಸಿದ ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ವಿಧಾನವನ್ನೇ ನೋಡಿ. ಯಾರೂ ಮಾತಾಡದ ಜಾಗದಲ್ಲಿ ಸದ್ದನ್ನು ಅಳೆದು, ಅಷ್ಟನ್ನು ಇಡೀ ರೆಕಾರ್ಡಿಂಗ್‌ನಿಂದ ಕಳೆಯುವುದು. ಆದರೆ ಸದ್ದು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ ಅಲ್ವಾ? ಕಳೆದು ಉಳಿದ ಚೂರುಗಳು ಕುಳುಕುಳು ಅನ್ನುತ್ತವೆ, ಜಾಸ್ತಿ ಕಳೆದಲ್ಲಿ ದನಿಯೇ ಹೋಗುತ್ತದೆ. ನಿಮಗೆ ನೀರಿನೊಳಗಿನ ಮಾತಿನಂತೆ ಕೇಳಿದ್ದು ಬಹುಶಃ ಅದೇ.

ಪ್ರಶ್ನೆ: ಎಷ್ಟು ವೇಗ ಅಂತ ಗೊತ್ತಾಗುವುದು ಹೇಗೆ ಸರ್? ಅಜ್ಜಿಯ ದನಿ ನನಗೆ ಅಷ್ಟು ನೆನಪಿಲ್ಲ.

ಉತ್ತರ: ನೆನಪನ್ನು ನಂಬುವುದೂ ಬೇಡ ಮೇಡಂ. ಟೇಪಿನಲ್ಲೇ ಒಂದು ಅಳತೆ ಸಿಗುತ್ತದಾ ನೋಡಿ. ಕೋಣೆಯಲ್ಲಿ ಚೋಕ್ ಇರುವ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅದರ ಗುಂಯ್ ಸದ್ದು ಟೇಪಿಗೆ ಬಂದಿರಬಹುದು. ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಇರುವ ಕಡೆ ಆ ಗುಂಯ್ ಅದರ ಎರಡರಷ್ಟು, 100 ಹರ್ಟ್ಸ್. ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಹೊತ್ತಿಗೆ ಎಷ್ಟು ಹರ್ಟ್ಸ್‌ನ ಸದ್ದಿದೆ ಅನ್ನುವ ಚಿತ್ರ, ತೋರಿಸುವ ಯಾವುದೇ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಕೆಳಗಡೆ ತೆಳ್ಳಗೆ ಒಂದು ಗೆರೆ ಕಾಣುತ್ತದೆ. ಆ ಗೆರೆ 100ರಿಂದ ಮೆಲ್ಲಗೆ 106ಕ್ಕೆ ಏರಿದರೆ, ವೇಗ ಎಲ್ಲಿ ಎಷ್ಟು ತಪ್ಪಿದೆ ಅನ್ನುವುದು ನಿಮ್ಮ ಕಣ್ಣ ಮುಂದೆಯೇ ಇದೆ. ಗೆರೆ ನೇರವಾಗುವಷ್ಟು ವೇಗ ಇಳಿಸಿ.

ಈ ಉಪಾಯಕ್ಕೆ ವಯಸ್ಸು ಬಹಳ. ಫ್ರಾನ್ಸಿನ ಎದುವಾರ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಹಾಡಿನ ಗೆರೆ ಮೂಡಿಸಿದಾಗ, ಪಕ್ಕದಲ್ಲೇ ಟ್ಯೂನಿಂಗ್ ಫೋರ್ಕಿನ ಗೆರೆಯನ್ನೂ ಎಳೆಸಿದ್ದ. ಅದನ್ನು ಮತ್ತೆ ಕೇಳಿಸುವ ಸಾಧನ ಅವನ ಬಳಿ ಇರಲಿಲ್ಲ. 2008ರಲ್ಲಿ ಕಂಪ್ಯೂಟರ್‌ನಿಂದ ಆ ಗೆರೆಗಳನ್ನು ದನಿಯಾಗಿಸಿದರು. ಕಾಗದದ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದ್ದರಿಂದ ವೇಗ ಏರುಪೇರಾಗಿತ್ತು, ಅದನ್ನು ಸರಿ ಮಾಡಿದ್ದು ಫೋರ್ಕಿನ ಗೆರೆಯೇ. ಆದರೆ ಫೋರ್ಕಿನ ಲೆಕ್ಕವನ್ನು ಎರಡು ಪಟ್ಟು ತಪ್ಪಾಗಿ ಓದಿದ್ದರಿಂದ, ಮೊದಲು ಹುಡುಗಿ ಹಾಡಿದ ಹಾಗೆ ಕೇಳಿಸಿತು. ಲೆಕ್ಕ ತಿದ್ದಿದ ಮೇಲೆ ಗಂಡಸಿನ ದನಿ ಬಂತು. ಅದು ಸ್ಕಾಟ್‌ನದ್ದೇ ಇರಬೇಕು ಅನ್ನುತ್ತಾರೆ. ನಿಮ್ಮ ಅಜ್ಜಿಯದ್ದೂ ಹೆಚ್ಚುಕಡಿಮೆ ಇದೇ ಕಥೆ.

ಇನ್ನೊಬ್ಬರ ಪ್ರಶ್ನೆ: ನನ್ನ ರೆಕಾರ್ಡರ್‌ನಲ್ಲೂ ಬಿಳಿ ಪುಡಿ ಇದೆ. ನಾಲ್ಕು ಸೆಲ್‌ನಲ್ಲಿ ಸೋರಿದ್ದು ಒಂದೇ. ಯಾಕೆ?

ಉತ್ತರ: ನಾಲ್ಕೂ ಸಾಲಾಗಿ ಜೋಡಿಸಿರುತ್ತವೆ. ಅದರಲ್ಲಿ ಬಡವಾದದ್ದು ಮೊದಲು ಖಾಲಿಯಾಗುತ್ತದೆ. ಸ್ವಿಚ್ ಹಾಕಿಯೇ ಬಿಟ್ಟರೆ ಉಳಿದ ಮೂರು ಅದರೊಳಗೆ ಕರೆಂಟ್ ನೂಕುತ್ತಲೇ ಇರುತ್ತವೆ. ಒಳಗೆ ಹೈಡ್ರೋಜನ್ ತುಂಬಿ ಸೀಲ್ ಬಿಟ್ಟುಕೊಳ್ಳುತ್ತದೆ. ಆಲ್ಕಲೈನ್ ಸೆಲ್ ಆದರೆ ಹೊರಗೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಬಿಳಿ ಪುಡಿಯಾಗುತ್ತದೆ. ಸೆಲ್ ತೆಗೆದು, ಕೈಗವಸು ಹಾಕಿಕೊಂಡು, ಇಯರ್ ಬಡ್‌ಗೆ ಒಂದು ಹನಿ ವಿನೆಗರ್ ಹಚ್ಚಿ ಸ್ಪ್ರಿಂಗ್ ಮೇಲೆ ಒತ್ತಿ. ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒದ್ದೆ ಬಡ್‌ನಿಂದ ಒರೆಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಲು ಬಿಡಿ. ಹಳೇ ಜಿಂಕ್ ಕಾರ್ಬನ್ ಸೆಲ್ ಆದರೆ ವಿನೆಗರ್ ಬೇಡ, ಅದರ ರಸ ಆಮ್ಲದ ಕಡೆಯದು. ಅಡುಗೆ ಸೋಡಾ ಕಲಸಿ ಹಚ್ಚಿ. ಆ ಸೆಲ್‌ನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಕರಗುತ್ತಾ ಕರೆಂಟ್ ಕೊಡುತ್ತದೆ, ಹಾಗಾಗಿ ತೂತು ಬೀಳುವುದು ಸಹಜ.

ಅದೇ ಅಳತೆಯ 3.7 ವೋಲ್ಟಿನ ಲಿಥಿಯಂ ಸೆಲ್ ಮಾತ್ರ ಹಾಕಬೇಡಿ. 6 ವೋಲ್ಟಿನ ರೆಕಾರ್ಡರ್‌ಗೆ ನಾಲ್ಕು ಸೇರಿ 14.8 ವೋಲ್ಟ್ ಹೋಗುತ್ತದೆ, ಸುಟ್ಟೇ ಹೋಗಬಹುದು.

ಮೊದಲು ಕೇಳಿದವರು: ಸರ್, ಗೆರೆ ಸಿಕ್ಕಿತು! ಶುರುವಿನಲ್ಲಿ 100, ಕೊನೆಗೆ 109. ಆ ಗುಂಯ್ ಸದ್ದು ಕಿರಿಕಿರಿ ಮಾಡುತ್ತದೆ, ಮೊದಲು ಅದನ್ನು ತೆಗೆದುಬಿಡಲಾ?

ಉತ್ತರ: ಬೇಡ, ಬೇಡ! ವೇಗ ಸರಿಹೋಗುವ ತನಕ ಅದೇ ನಿಮ್ಮ ಅಳತೆಗೋಲು. ಏನೂ ಮುಟ್ಟದ ಒಂದು ಪ್ರತಿಯನ್ನು ಬೇರೆ ಎತ್ತಿಡಿ. ಆಮೇಲೆ ಗೆರೆ ನೇರ ಮಾಡಿ, ಕೊನೆಯ ಕಥೆಯನ್ನು ಅಪ್ಪನಿಗೆ ಕೇಳಿಸಿ. ಇದು ಅಮ್ಮನ ದನಿಯೇ ಅಂತ ಅವರು ಹೇಳಿದ ಮೇಲೆ ಗುಂಯ್ ತೆಗೆಯಿರಿ.