ಗುಡ್ಡದ ರಿಪೀಟರಿಗೆ ಬ್ಯಾಟರಿ ಬ್ಯಾಕಪ್: ಇನ್ವರ್ಟರ್ ಸಾಕಾ, ನೇರ 12 ವೋಲ್ಟ್ ಕೊಡ್ಬೇಕಾ?

ಕಾರ್ಕಳ_ಕೇಳುಗ:
ನಮಸ್ಕಾರ ಎಲ್ರಿಗೂ. ನಮ್ದು ಕಾರ್ಕಳ ಕಡೆ ಗುಡ್ಡದ ಮೇಲೆ ಒಂದು 2 ಮೀಟರ್ ಬ್ಯಾಂಡಿನ ಹ್ಯಾಮ್ ರೇಡಿಯೋ ರಿಪೀಟರ್ (ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಸೆಟ್) ಉಂಟು, 25 ವಾಟ್. ಈಗ ಬರೀ ಎಸ್‌ಎಂಪಿಎಸ್‌ನಲ್ಲಿ (ಮೇನ್ಸ್ ಕರೆಂಟನ್ನು ಡಿಸಿ ಮಾಡುವ ಸಪ್ಲೈ) ಓಡ್ತಾ ಉಂಟು, ಕರೆಂಟ್ ಹೋದ ಕೂಡ್ಲೆ ರಿಪೀಟರೂ ಬಂದ್. ಜೋರು ಮಳೆಗೆ ಮರ ಬಿದ್ದು ಲೈನ್ ಹೋದ್ರೆ ಅಲ್ಲಿ ಮರುದಿನದವರೆಗೂ ಕರೆಂಟ್ ಬರುದಿಲ್ಲ, ರೇಡಿಯೋ ಬೇಕಾಗುದೂ ಸರಿಯಾಗಿ ಆವಾಗ್ಲೇ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದದ್ದು ನೆನಪುಂಟಲ್ಲ, ಅಂಥದ್ದು ಇನ್ನೊಂದು ಬಂದ್ರೆ ಎಂತ ಮಾಡುದು ಅಂತ ನಂಗೆ ನಿಜವಾಗ್ಲೂ ತಲೆಬಿಸಿ. ಒಬ್ರು ಮನೆಯ ಹಳೆ ಇನ್ವರ್ಟರ್ ಮತ್ತೆ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿ ಕೊಡ್ತೇನೆ ಅಂದಿದ್ದಾರೆ. ಅದನ್ನೇ ಇಡುದಾ, ಅಲ್ಲ ದುಡ್ಡು ಹಾಕಿ ಲಿಥಿಯಂ ತಗೊಳ್ಳುದಾ? ಕಮ್ಮಿ ಅಂದ್ರೆ ಒಂದು ದಿನ ನಿಲ್ಬೇಕು.

ಮಲ್ಪೆ_ತರಂಗ:
ಇನ್ವರ್ಟರ್ ಬೇಡ ಮಾರಾಯ್ರೆ. 12 ವೋಲ್ಟನ್ನು 230 ಮಾಡುದು, ಮತ್ತೆ ಎಸ್‌ಎಂಪಿಎಸ್ ಅದನ್ನೇ 13.8ಕ್ಕೆ ಇಳಿಸುದು, ಎರಡು ಕಡೆಯೂ ಬಿಸಿಯಾಗಿ ಪೋಲು, ಯಾರೂ ಮಾತಾಡದಿದ್ರೂ ಇನ್ವರ್ಟರ್ ತನ್ನ ಪಾಲು ತಿಂತಾನೇ ಇರ್ತದೆ. ರೇಡಿಯೋ ಹೇಗೂ 12 ವೋಲ್ಟಿಂದು, ನೇರ ಕೊಡಿ.

ಮೊದ್ಲು ಲೋಡ್ ಅಳೀರಿ. ನಮ್ಮದು ಸುಮ್ನೆ ಇರುವಾಗ 0.7 ಆಂಪ್, ಟ್ರಾನ್ಸ್‌ಮಿಟ್‌ಗೆ 7. ಗಂಟೆಯಲ್ಲಿ ಕಾಲು ಭಾಗ ಮಾತು ಅಂತ ಹಿಡಿದ್ರೆ ಸರಾಸರಿ 2.3 ಆಂಪ್, 24 ಗಂಟೆಗೆ 55 ಎಎಚ್. ನೆರೆ ಬಂದಾಗ ಅರ್ಧಕ್ಕರ್ಧ ಹೊತ್ತು ಮಾತೇ, ಆಗ 92 ಬೇಕು. ಲೆಡ್ ಆಸಿಡ್‌ನ ಮತ್ತೆ ಮತ್ತೆ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬೇಗ ಹಾಳು, ಹಾಗಾಗಿ 150ರಲ್ಲಿ ಲೆಕ್ಕಕ್ಕೆ ಹಿಡಿಯುದು 75, ಹಳೆಯದಾದ್ರೆ ಅದೂ ಇಲ್ಲ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ 80–90 ಧಾರಾಳ ಸಿಗ್ತದೆ, ಗುಡ್ಡಕ್ಕೆ ಹೊರುವಾಗ ತೂಕವೂ ಕಮ್ಮಿ.

ಇನ್ನೊಂದು, ಬ್ಯಾಟರಿಗೆ ಬಂದ ಕೂಡ್ಲೆ ಪವರ್ 10 ವಾಟಿಗೆ ಇಳಿಯುವ ಹಾಗೆ ಮಾಡಿ. 4 ಡಿಬಿ ಹೋಗುದಷ್ಟೆ, ಒಂದು ಎಸ್ ಯೂನಿಟ್ (ಸಿಗ್ನಲ್ ಮೀಟರಿನ ಒಂದು ಮೆಟ್ಟಿಲು) ಸಹ ಅಲ್ಲ. ಮಾತು ನಿಂತ ಮೇಲೂ ರಿಪೀಟರ್ ಟ್ರಾನ್ಸ್‌ಮಿಟ್ ಮಾಡ್ತಾ ಇರುವ ಟೇಲ್ 5 ಸೆಕೆಂಡ್ ಇದ್ರೆ 1ಕ್ಕೆ ತನ್ನಿ.

ಕೊಡಿಯಾಲ್_ಕೇಬಲ್:
ಮೇಲಿನವರ ಲೆಕ್ಕ ಸರಿ ಉಂಟು, ಆದ್ರೆ ಬ್ಯಾಟರಿನ ಸೀದಾ ಎಸ್‌ಎಂಪಿಎಸ್‌ಗೆ ಕಟ್ಬೇಡಿ. ಖಾಲಿಯಾದ ಬ್ಯಾಟರಿ ಒಮ್ಮೆಲೇ ಕರೆಂಟ್ ಎಳೆದು ಸಪ್ಲೈ ಟ್ರಿಪ್ ಆಗ್ತದೆ, ಮೇನ್ಸ್ ಇಲ್ಲದಾಗ ಬ್ಯಾಟರಿಯೇ ಸಪ್ಲೈ ಒಳಗೆ ಉಲ್ಟಾ ನುಗ್ತದೆ. ನಡುವೆ ಡಿಸಿ ಯುಪಿಎಸ್ ಬೋರ್ಡ್, ಇಲ್ಲದಿದ್ರೆ ಕರೆಂಟ್ ಉಲ್ಟಾ ಹೋಗದ ಹಾಗೆ ತಡೆಯುವ ಶಾಟ್ಕಿ ಡಯೋಡ್ ಮತ್ತು ಬೇರೆ ಚಾರ್ಜರ್ ಬೇಕೇ ಬೇಕು. ಟ್ಯೂಬ್ಯುಲರೇ ಇಡುದಾದ್ರೆ 11.5 ವೋಲ್ಟಿನ ಹತ್ರ ಕಟ್ ಆಗುವ ಸರ್ಕ್ಯೂಟ್ ಹಾಕಿ. ಫ್ಯೂಸ್ ಬ್ಯಾಟರಿಯ ಪ್ಲಸ್ ಹತ್ರವೇ ಇರ್ಲಿ, ರೇಡಿಯೋ ಹತ್ರ ಅಲ್ಲ.

ಇದಕ್ಕಿಂತ ದೊಡ್ಡ ಉಪದ್ರ ಉಪ್ಪು ಗಾಳಿ. ನಮ್ಮದೊಂದು ಸೆಟಪ್ಪಲ್ಲಿ ಸುಮ್ನೆ ಇರುವಾಗ ಎಲ್ಲ ಸರಿ, ಪಿಟಿಟಿ (ಮಾತಾಡುವ ಬಟನ್) ಒತ್ತಿದ್ರೆ ಆಫ್. ಬ್ಯಾಟರಿಯಲ್ಲಿ 12.6 ವೋಲ್ಟ್, ರೇಡಿಯೋ ತುದಿಯಲ್ಲಿ 10.9. ಎರಡು ದಿನ ಬ್ಯಾಟರಿಗೇ ಬೈದೆವು, ಕೊನೆಗೆ ಲಗ್ (ವಯರ್ ತುದಿಯ ಲೋಹದ ಕನೆಕ್ಟರ್) ಬಿಚ್ಚಿ ನೋಡಿದ್ರೆ ಒಳಗಿನ ತಾಮ್ರ ಪೂರಾ ಹಸಿರು ಕಿಲುಬು, ಬೆರಳಲ್ಲಿ ಉಜ್ಜಿದ್ರೆ ಪುಡಿಯಾಗಿ ಉದುರ್ತಾ ಇತ್ತು. ಈಗ ಟಿನ್ ಮಾಡಿದ ಲಗ್, 6 ಸ್ಕ್ವೇರ್ ಎಂಎಂ ವಯರ್, ಮೇಲಿಂದ ಪೆಟ್ರೋಲಿಯಂ ಜೆಲ್ಲಿ, ಹೀಟ್ ಶ್ರಿಂಕ್. ಲೆಡ್ ಆಸಿಡನ್ನ ರೇಡಿಯೋ ಇರುವ ಪೆಟ್ಟಿಗೆಲಿ ಇಡ್ಲೇಬೇಡಿ, ಆಸಿಡ್ ಆವಿಗೆ ಬೋರ್ಡ್ ಹೋಗ್ತದೆ.

ಕಾರ್ಕಳ_ಕೇಳುಗ:
ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಸೋಲಾರ್ ಪ್ಯಾನೆಲ್ ಸೇರಿಸಿದ್ರೆ?

ಮಲ್ಪೆ_ತರಂಗ:
ಬೇಸಗೆಗೆ ಒಳ್ಳೇದು, ಜೂನ್-ಜುಲೈಯಲ್ಲಿ ಅದನ್ನು ನಂಬಿ ಕೂರ್ಬೇಡಿ. ಚಾರ್ಜ್ ಕಂಟ್ರೋಲರ್ ತಗೊಳ್ಳುವಾಗ ರಿಸೀವರ್ ಪಕ್ಕ ಇಟ್ಟು ಕೇಳಿ ನೋಡಿ, ಕೆಲವು ವಿಪರೀತ ನಾಯ್ಸ್ ಮಾಡ್ತವೆ, ದೂರದ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಸಿಗ್ನಲ್ ಮುಳುಗಿಯೇ ಹೋಗ್ತದೆ.

ಕಾರ್ಕಳ_ಕೇಳುಗ:
ಸರಿ, ಹಾಗಾದ್ರೆ ಲಿಥಿಯಂ, ನೇರ 12 ವೋಲ್ಟ್. ಭಾನುವಾರ ಮಳೆ ಬಿಟ್ರೆ ಗುಡ್ಡ ಹತ್ತಿ ಮೊದ್ಲು ಲೋಡ್ ಅಳೆದು, ಹಳೆ ಲಗ್ಗೆಲ್ಲ ಬಿಚ್ಚಿ ನೋಡ್ತೇನೆ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಯಾರ ಹತ್ರ ಆದ್ರೂ ಉಂಟಾ, ಒಂದು ದಿನಕ್ಕೆ ಸಾಕು? 73 (ನಮ್ಮ ಹ್ಯಾಮ್‌ಗಳ ಶುಭಾಶಯ).